ಒಂದು ಕೊಂಡಿಯ ಸಿಹಿ: ಸಕ್ಕರೆ ಅಚ್ಚಿನಿಂದ ಸಣ್ಣಕರುಳಿನವರೆಗೆ

ಸಂಕ್ರಾಂತಿಗೆ ಸಕ್ಕರೆ ಅಚ್ಚು ಎರೆಯುವಾಗ ಪಾಕದ ಹತ್ತಿರ ನಿಂಬೆಹಣ್ಣು ಸುಳಿಯಬಾರದು. ಅದೇ ಮನೆಯಲ್ಲಿ ಜಾಮೂನಿಗೆ ಪಾಕ ಇಟ್ಟಾಗ ನಾಲ್ಕು ಹನಿ ನಿಂಬೆರಸ ಹಿಂಡದಿದ್ದರೆ ಮಾರನೆಯ ದಿನ ಪಾತ್ರೆಯ ಅಂಚಿಗೆ ಹರಳು ಕಟ್ಟಿರುತ್ತದೆ. ಸಕ್ಕರೆ ಅದೇ, ನೀರು ಅದೇ, ಒಲೆಯೂ ಅದೇ. ಹುಳಿ ಮಾತ್ರ ಒಂದು ಕಡೆ ಕೇಡು, ಇನ್ನೊಂದು ಕಡೆ ಕಾವಲು. ಕಾರಣ ಸಕ್ಕರೆಯ ಕಣದೊಳಗಿರುವ ಒಂದೇ ಒಂದು ಕೊಂಡಿ. ಮಳೆಗಾಲದಲ್ಲಿ ಬೆಲ್ಲ ಬೆವರುವುದು, ಕೋಲ್ಡ್ ಸ್ಟೋರೇಜಿನ ಆಲೂಗಡ್ಡೆಯ ಚಿಪ್ಸ್ ಕಪ್ಪಾಗುವುದು, ಹಾಲು ಕುಡಿದವರ ಹೊಟ್ಟೆ ಗುಡುಗುಡು ಎನ್ನುವುದು, ಎಲ್ಲವೂ ಆ ಕೊಂಡಿ ಕಳಚಿದ್ದರಿಂದ ಅಥವಾ ಕಳಚದೆ ಉಳಿದಿದ್ದರಿಂದ ಆಗುವಂಥವು. ಹಾಸನದ ಅಡುಗೆಮನೆ, ಹೊಲ, ಆಲೆಮನೆಗಳಲ್ಲಿ ಕಾಣುವುದನ್ನೇ ಹಿಡಿದು ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಎರಡು ಸರಳ ಸಕ್ಕರೆಗಳು ಕೈಹಿಡಿದರೆ ಒಂದು ಜೋಡಿ ಸಕ್ಕರೆ. ಪಠ್ಯಪುಸ್ತಕದ ಹೆಸರು ಡೈಸ್ಯಾಕರೈಡ್. ಕೈಹಿಡಿಯುವಾಗ ಒಂದು ನೀರಿನ ಕಣ ಹೊರಬೀಳುತ್ತದೆ. ಅಣುತೂಕದ ಲೆಕ್ಕ ಸುಲಭ: ಗ್ಲೂಕೋಸ್ 180, ಫ್ರಕ್ಟೋಸ್ 180, ಒಟ್ಟು 360, ಅದರಲ್ಲಿ ನೀರಿನ 18 ಕಳೆದರೆ 342. ಅಂಗಡಿಯ ಸಕ್ಕರೆ, ಅಂದರೆ ಸುಕ್ರೋಸ್‌ನ ಅಣುತೂಕ ಇದೇ 342. ಹಾಲಿನ ಲ್ಯಾಕ್ಟೋಸ್, ಮೊಳಕೆ ಕಾಳಿನ ಮಾಲ್ಟೋಸ್, ಅಣಬೆಯಲ್ಲಿರುವ ಟ್ರೆಹಲೋಸ್, ಎಲ್ಲದರದೂ 342. ನಾಲ್ಕರಲ್ಲೂ 12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್. ಬೇರೆಯಾಗುವುದು ಯಾರು ಯಾರ ಕೈ ಹಿಡಿದಿದ್ದಾರೆ, ಎಲ್ಲಿ ಹಿಡಿದಿದ್ದಾರೆ ಎಂಬುದರಲ್ಲಿ. ಸುಕ್ರೋಸ್ ಎಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಲ್ಯಾಕ್ಟೋಸ್ ಎಂದರೆ ಗ್ಯಾಲಕ್ಟೋಸ್ ಮತ್ತು ಗ್ಲೂಕೋಸ್. ಮಾಲ್ಟೋಸ್, ಟ್ರೆಹಲೋಸ್ ಎರಡೂ ಗ್ಲೂಕೋಸ್‌ಗೆ ಗ್ಲೂಕೋಸ್ ಸೇರಿದವು, ಆದರೆ ಕೊಂಡಿ ಬಿದ್ದ ಜಾಗ ಬೇರೆ.

ಆ ಜಾಗಕ್ಕೆ ಇಷ್ಟು ಬೆಲೆ ಏಕೆ? ಪ್ರತಿ ಸರಳ ಸಕ್ಕರೆಗೂ ಚುರುಕಾದ ಒಂದು ತುದಿ ಇರುತ್ತದೆ. ಅದು ತೆರೆದಿದ್ದರೆ ಸಕ್ಕರೆ ಬೇರೆಯವರ ಜೊತೆ ಬೇಗ ವರ್ತಿಸುತ್ತದೆ. ಹಾಲಿನ ಪ್ರೋಟೀನಿನ ಜೊತೆ ಸೇರಿ ಕೆಂಪಾಗುತ್ತದೆ, ಬೆನೆಡಿಕ್ಟ್ ದ್ರಾವಣ ಎಂಬ ನೀಲಿ ಪರೀಕ್ಷಾ ದ್ರಾವಣವನ್ನು ಇಟ್ಟಿಗೆ ಬಣ್ಣಕ್ಕೆ ತಿರುಗಿಸುತ್ತದೆ. ಸುಕ್ರೋಸ್‌ನಲ್ಲಿ ಎರಡೂ ಕಣಗಳು ತಮ್ಮ ಚುರುಕು ತುದಿಗಳನ್ನೇ ಒಂದಕ್ಕೊಂದು ಬೆಸೆದುಕೊಂಡಿವೆ. ತೆರೆದ ತುದಿ ಉಳಿದಿಲ್ಲ. ಅದಕ್ಕೇ ಸಕ್ಕರೆ ಡಬ್ಬದಲ್ಲಿ ವರ್ಷಗಟ್ಟಲೆ ಬಿಳಿಯಾಗಿಯೇ ಇರುತ್ತದೆ. ಟ್ರೆಹಲೋಸ್‌ನದೂ ಹೀಗೆಯೇ. ಲ್ಯಾಕ್ಟೋಸ್, ಮಾಲ್ಟೋಸ್‌ಗಳಲ್ಲಿ ಒಂದು ತುದಿ ತೆರೆದೇ ಇರುತ್ತದೆ.

ಶಾಲೆಯ ಪ್ರಯೋಗಾಲಯವಿದ್ದರೆ ಇದನ್ನು ಮಕ್ಕಳಿಗೆ ತೋರಿಸಬಹುದು. 5 ಮಿಲೀ ಬೆನೆಡಿಕ್ಟ್ ದ್ರಾವಣಕ್ಕೆ 1 ಮಿಲೀ ಸಕ್ಕರೆ ನೀರು ಹಾಕಿ ಕುದಿಯುವ ನೀರಿನಲ್ಲಿ 3 ನಿಮಿಷ ಇಡಿ. ನೀಲಿಯಾಗಿಯೇ ಉಳಿಯುತ್ತದೆ. ಹಾಲು ಒಡೆಸಿ ಸೋಸಿದ ತಿಳಿನೀರು, ಜೇನುತುಪ್ಪದ ನೀರು ಹಾಕಿದರೆ ಇಟ್ಟಿಗೆ ಕೆಂಪು. ಬೆಲ್ಲದ ನೀರೂ ಬಣ್ಣ ತಿರುಗುತ್ತದೆ, ಏಕೆಂದರೆ ಬೆಲ್ಲದಲ್ಲಿ ಒಂದಷ್ಟು ಕೊಂಡಿ ಆಗಲೇ ಕಳಚಿದೆ. ಈಗ ಸಕ್ಕರೆ ನೀರಿಗೆ ಎರಡು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಎರಡು ನಿಮಿಷ ಕುದಿಸಿ, ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ನೊರೆ ನಿಲ್ಲುವವರೆಗೆ ಕಾಯಿರಿ, ಆಮೇಲೆ ಅದೇ ಪರೀಕ್ಷೆ ಮಾಡಿ. ಕೆಂಪು ಬರುತ್ತದೆ. ಬರಲಿಲ್ಲವೆಂದರೆ ಸಾಮಾನ್ಯವಾಗಿ ಸೋಡಾ ಸಾಲದೆ ಆಮ್ಲ ಉಳಿದಿರುತ್ತದೆ. ಬೆನೆಡಿಕ್ಟ್ ದ್ರಾವಣ ಕ್ಷಾರದಲ್ಲಿ ಮಾತ್ರ ಕೆಲಸ ಮಾಡುತ್ತದೆ.

ಆಮ್ಲ ಮಾಡಿದ ಈ ಕೆಲಸಕ್ಕೆ ಇನ್ವರ್ಷನ್ ಎಂದು ಹೆಸರು, ಅಂದರೆ ತಿರುಗುಮುರುಗು. ಧ್ರುವೀಕರಿಸಿದ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಮಾಡಿದ ಬೆಳಕನ್ನು ಸುಕ್ರೋಸ್ ದ್ರಾವಣ ಬಲಕ್ಕೆ ಸುಮಾರು 66 ಡಿಗ್ರಿಯ ಅಳತೆಯಲ್ಲಿ ತಿರುಗಿಸಿದರೆ, ಕೊಂಡಿ ಕಳಚಿದ ಮಿಶ್ರಣ ಎಡಕ್ಕೆ ಸುಮಾರು 20ರಷ್ಟು ತಿರುಗಿಸುತ್ತದೆ. ಹೆಸರು ಬಂದಿದ್ದು ಅಲ್ಲಿಂದ. ಕಳಚುವಾಗ ನೀರು ಒಳಸೇರುವುದರಿಂದ 342 ಗ್ರಾಂ ಸಕ್ಕರೆ 360 ಗ್ರಾಂ ಇನ್ವರ್ಟ್ ಸಕ್ಕರೆಯಾಗುತ್ತದೆ. ಹುಳಿಯ ಅಳತೆಯಾದ ಪಿಎಚ್ (ಇಳಿದಷ್ಟೂ ಹುಳಿ ಹೆಚ್ಚು) ಒಂದು ಮೆಟ್ಟಿಲು ಇಳಿದರೆ ಕಳಚುವ ವೇಗ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಕುದಿಯುವ ಬಿಸಿಯ ಹತ್ತಿರ ಪ್ರತಿ 10 ಡಿಗ್ರಿಗೆ ಎರಡೂವರೆ ಪಟ್ಟಿನ ಆಸುಪಾಸು. ಹುಳಿ, ಬಿಸಿ, ಹೊತ್ತು. ಪಾಕದ ಬಹುಪಾಲು ಎಡವಟ್ಟುಗಳು ಈ ಮೂರರಲ್ಲೇ ಇವೆ.

ಪಾಕ, ಅದೂ ಈ ಎತ್ತರದಲ್ಲಿ

ಪುಸ್ತಕಗಳಲ್ಲಿ, ಯೂಟ್ಯೂಬಿನಲ್ಲಿ ಪಾಕದ ಉಷ್ಣಾಂಶ ಕೊಡುವಾಗ ಸಮುದ್ರಮಟ್ಟದ ಲೆಕ್ಕ ಹೇಳುತ್ತಾರೆ. ಹಾಸನ ಇರುವುದು ಹತ್ತಿರಹತ್ತಿರ 950 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಚಿಕ್ಕಮಗಳೂರಿನಲ್ಲಿ ಇನ್ನೂ ಅರ್ಧ ಡಿಗ್ರಿ ಕಡಿಮೆ. ಪಾಕದ ಹದ ನಿರ್ಧಾರವಾಗುವುದು ಅದರಲ್ಲಿ ಎಷ್ಟು ನೀರು ಉಳಿದಿದೆ ಎಂಬುದರಿಂದ, ಮತ್ತು ಅದೇ ಪ್ರಮಾಣದ ನೀರು ಉಳಿದಾಗ ಇಲ್ಲಿನ ಪಾಕ 3 ಡಿಗ್ರಿ ಕಡಿಮೆ ತೋರಿಸುತ್ತದೆ. ಪುಸ್ತಕ ಎಳೆಪಾಕಕ್ಕೆ 106ರಿಂದ 112 ಎಂದರೆ ಹಾಸನದಲ್ಲಿ 103ರಿಂದ 109. ಮೆತ್ತನೆಯ ಉಂಡೆಪಾಕಕ್ಕೆ 112ರಿಂದ 116 ಎಂದರೆ ಇಲ್ಲಿ 109ರಿಂದ 113. ಪುಸ್ತಕದ ಅಂಕೆ ಮುಟ್ಟುವ ತನಕ ಕಾದವರ ಮೈಸೂರು ಪಾಕ್ ಕಲ್ಲಾಗುವುದು ಇದರಿಂದ. ಥರ್ಮಾಮೀಟರ್ ಕೊಂಡವರು ಮೊದಲು ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ಓದಲಿ, ತಳಕ್ಕೆ ತಾಗಬಾರದು. 100ಕ್ಕಿಂತ ಎಷ್ಟು ಕಡಿಮೆ ತೋರಿಸುತ್ತದೋ ಅಷ್ಟನ್ನು ಪ್ರತಿ ಹದದಿಂದಲೂ ಕಳೆದುಕೊಂಡರೆ ಎತ್ತರದ ವ್ಯತ್ಯಾಸ, ಉಪಕರಣದ ದೋಷ ಎರಡೂ ಒಟ್ಟಿಗೆ ಸರಿಹೋಗುತ್ತವೆ. ತಟ್ಟೆ ನೀರಿಗೆ ಹನಿ ಬಿಟ್ಟು ಬೆರಳಲ್ಲಿ ಉರುಟುವ ಹಳೆಯ ಪರೀಕ್ಷೆಗೆ ಎತ್ತರದ ಹಂಗಿಲ್ಲ. ಅದು ನೇರವಾಗಿ ಪಾಕದ ಗಟ್ಟಿತನವನ್ನೇ ನೋಡುತ್ತದೆ. ನನ್ನ ಮಟ್ಟಿಗೆ ಅದೇ ಹೆಚ್ಚು ನಂಬಿಕಸ್ತ.

ಸಕ್ಕರೆ ಅಚ್ಚಿಗೆ ಬೇಕಾದುದು ಶುದ್ಧ ಸುಕ್ರೋಸ್‌ನ ಸಣ್ಣ ಸಣ್ಣ ಹರಳು, ಒಂದಕ್ಕೊಂದು ಒತ್ತಾಗಿ ಕೂತದ್ದು. 1 ಕಿಲೋ ಸಕ್ಕರೆಗೆ 400 ಮಿಲೀ ನೀರು, ಕಾಲು ಲೋಟ ಹಾಲು. ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ, ಎರೆಯುವ ಹೊತ್ತಿಗೆ ನೀರು ಕೊಡವಿ ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಒಣ ಅಚ್ಚು ಪಾಕದ ನೀರನ್ನು ಹೀರಿಕೊಂಡು ಅಂಟಿಕೊಳ್ಳುತ್ತದೆ, ಬಿಡಿಸುವಾಗ ಗಿಣಿಯ ಕೊಕ್ಕು ಮುರಿಯುತ್ತದೆ. ಸಕ್ಕರೆ ಪೂರ್ತಿ ಕರಗಿದ ಮೇಲೆ ಹಾಲು ಹಾಕಿ. ಹಾಲಿನ ಪ್ರೋಟೀನು ಕಟ್ಟಿಕೊಂಡು ಕಸರನ್ನು ಮೇಲಕ್ಕೆ ತರುತ್ತದೆ. ಆ ನೊರೆ ತೆಗೆದು ತೆಳುಬಟ್ಟೆಯಲ್ಲಿ ಸೋಸಿ. ಆಮೇಲೆ ಇಡೀ ಕಿಲೋ ಒಟ್ಟಿಗೆ ಕಾಯಿಸಬೇಡಿ. ಎರಡು ಮೂರು ಅಚ್ಚಿಗಾಗುವಷ್ಟನ್ನೇ ಸಣ್ಣ ಬಾಣಲೆಗೆ ಬಗ್ಗಿಸಿಕೊಂಡು ಉಂಡೆಪಾಕಕ್ಕೆ ತಂದು, ಉರಿಯಿಂದ ಇಳಿಸಿ ಮರದ ಚಮಚದಿಂದ ಬಾಣಲೆಯ ಬದಿಗೆ ಉಜ್ಜುತ್ತಾ ತಿರುವಿ. ಪಾಕ ಮಂಕಾಗಿ ಹಾಲುಬಣ್ಣಕ್ಕೆ ತಿರುಗಿದ ಗಳಿಗೆಯಲ್ಲಿ ಅಚ್ಚಿಗೆ ಎರೆಯಿರಿ. ಐದರಿಂದ ಹತ್ತು ನಿಮಿಷದಲ್ಲಿ ಬಿಚ್ಚಬಹುದು.

ತಪ್ಪುವುದು ಎಲ್ಲೆಲ್ಲಿ ಎಂದರೆ: ಕರಗುವ ಮೊದಲೇ ಕುದಿಸಿದರೆ, ಬಾಣಲೆಯ ಗೋಡೆಗೆ ಅಂಟಿದ ಸಕ್ಕರೆಯನ್ನು ಒದ್ದೆ ಬಟ್ಟೆಯಿಂದ ಒರೆಸದೆ ಬಿಟ್ಟರೆ, ಆ ಒಂದೆರಡು ಕಾಳೇ ಬೀಜವಾಗಿ ದೊಡ್ಡ ಹರಳು ಬೆಳೆದು ಅಚ್ಚು ಮರಳು ಮರಳಾಗುತ್ತದೆ. ಹದ ಮೀರಿದರೆ ಬಾಣಲೆಯಲ್ಲೇ ಗಟ್ಟಿಯಾಗುತ್ತದೆ. ಎರಡು ಚಮಚ ನೀರು ಹಾಕಿ ಕರಗಿಸಿ ಮತ್ತೆ ಹದಕ್ಕೆ ತನ್ನಿ, ನಷ್ಟವಿಲ್ಲ. ಆದರೆ ಒಂದೇ ಪಾಕವನ್ನು ನಾಲ್ಕೈದು ಸಲ ಹೀಗೆ ಕಾಯಿಸಿದರೆ, ಅಥವಾ ಹುಳಿ ಮೊಸರು ಹಾಕಿ ಸೋಸಿದ್ದರೆ, ಕೊಂಡಿಗಳು ಕಳಚಿ ಗ್ಲೂಕೋಸ್, ಫ್ರಕ್ಟೋಸ್ ಹೆಚ್ಚಿ ಅಚ್ಚು ಎಷ್ಟು ಹೊತ್ತಾದರೂ ಅಂಟಂಟಾಗಿಯೇ ಇರುತ್ತದೆ. ಆಗ ತಿರುವಿ ಪ್ರಯೋಜನವಿಲ್ಲ. ಬೇರೆ ಆಕಾರದ ಕಣಗಳು ನಡುವೆ ಸಿಕ್ಕಿಕೊಂಡು ಸುಕ್ರೋಸ್ ಸಾಲಾಗಿ ಕೂರಲಾರದು. ಆ ಪಾಕವನ್ನು ಬೇರೆ ಸಿಹಿಗೆ ಬಳಸಿ, ಹೊಸ ಸಕ್ಕರೆಯಿಂದ ಶುರು ಮಾಡಿ. ಜಾಮೂನಿನ ಪಾಕಕ್ಕೆ ನಿಂಬೆ ಹಿಂಡುವುದು ಈ ಅಡ್ಡಿಯನ್ನೇ ಬೇಕೆಂದು ತಂದುಕೊಳ್ಳಲು.

ಆಲೆಮನೆ

ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ಕಬ್ಬಿನ ರಸದ ಪಿಎಚ್ ಬೇರೆಡೆಯ ಕಬ್ಬಿನಂತೆಯೇ 5ರ ಸ್ವಲ್ಪ ಮೇಲೆ. ಅಂದರೆ ಕೊಪ್ಪರಿಗೆಗೆ ಬೀಳುವ ಮೊದಲೇ ರಸ ಹುಳಿ. ಹಾಗೆಯೇ ಎರಡು ಗಂಟೆ ಕುದಿಸಿದರೆ ಸುಕ್ರೋಸ್‌ನ ಒಂದಷ್ಟು ಪಾಲು ಕಳಚಿಹೋಗುತ್ತದೆ. ಸುಣ್ಣದ ತಿಳಿ ಹಾಕುವುದು ಇದಕ್ಕಾಗಿ. ಪಿಎಚ್ ಆರೂವರೆಯ ಹತ್ತಿರ ಬರಬೇಕು. ಲಿಟ್ಮಸ್ ಬದಲು ಪಿಎಚ್ ಪಟ್ಟಿ ಇಟ್ಟುಕೊಂಡರೆ ಅಂದಾಜು ತಪ್ಪುವುದಿಲ್ಲ. ಸುಣ್ಣ ಹೆಚ್ಚಾದರೆ ಇನ್ನೊಂದು ಕೇಡು: ಕ್ಷಾರದಲ್ಲಿ ಫ್ರಕ್ಟೋಸ್ ಒಡೆದು ಬೆಲ್ಲ ಕರ್ರಗಾಗುತ್ತದೆ, ನಾಲಿಗೆಗೆ ಸವಳು ತಾಗುತ್ತದೆ. ಬೆಂಡೆ ಗಿಡದ ಕಾಂಡ ಜಜ್ಜಿ ತೆಗೆದ ಲೋಳೆ ಮಡ್ಡಿಯನ್ನು ಹಿಡಿದು ಮೇಲೆ ತರುತ್ತದೆ. ಕುದಿ ಜೋರಾಗುವ ಮೊದಲೇ ಅದನ್ನು ತೆಗೆಯಬೇಕು, ಇಲ್ಲದಿದ್ದರೆ ಮತ್ತೆ ರಸದಲ್ಲೇ ಕದಡಿಹೋಗುತ್ತದೆ. ಅಚ್ಚಿನ ಬೆಲ್ಲಕ್ಕೆ ಇಳಿಸುವ ಹದ ಪುಸ್ತಕದಲ್ಲಿ 118 ಡಿಗ್ರಿ, ಈ ಎತ್ತರದಲ್ಲಿ 115ರ ಸುಮಾರು.

ಎಲ್ಲಕ್ಕಿಂತ ದೊಡ್ಡ ನಷ್ಟ ಮಾತ್ರ ಕೊಪ್ಪರಿಗೆಗೆ ಮೊದಲೇ ಆಗುತ್ತದೆ. ಕಬ್ಬು ಕಡಿದ ಕ್ಷಣದಿಂದ ಅದರೊಳಗಿನ ಇನ್ವರ್ಟೇಸ್ ಕಿಣ್ವ ಕೊಂಡಿ ಕಳಚತೊಡಗುತ್ತದೆ, ಕಡಿದ ತುದಿಯಿಂದ ಬ್ಯಾಕ್ಟೀರಿಯಾ ಒಳಹೋಗಿ ಸುಕ್ರೋಸನ್ನು ಅಂಟುಅಂಟಾದ ಡೆಕ್ಸ್‌ಟ್ರಾನ್ ಮಾಡುತ್ತದೆ. 24 ಗಂಟೆಯೊಳಗೆ ಗಾಣಕ್ಕೆ ಕೊಡಬೇಕು. ತಡವಾಗುವುದಾದರೆ ನೆರಳಲ್ಲಿಟ್ಟು ತರಗಿನಿಂದ ಮುಚ್ಚಿ ನೀರು ಚಿಮುಕಿಸಿ. ಮಳೆಗಾಳಿಗೆ ಮಲಗಿದ ಕಬ್ಬು, ಬಲಿತು ಮೀರಿದ ಕಬ್ಬು, ಇವುಗಳ ರಸದಲ್ಲೂ ಕಳಚಿದ ಸಕ್ಕರೆ ಹೆಚ್ಚು. ಅಂಥ ರಸದ ಬೆಲ್ಲ ಅಚ್ಚಿನಲ್ಲಿ ಕೂರುವುದಿಲ್ಲ. ಕೂತರೂ ಆಷಾಢದಲ್ಲಿ ಬೆವರುತ್ತದೆ. ಕಾರಣ ಫ್ರಕ್ಟೋಸ್. ಗಾಳಿಯ ತೇವ ಶೇಕಡ 85ರ ಹತ್ತಿರ ಹೋಗುವ ತನಕ ಶುದ್ಧ ಸುಕ್ರೋಸ್ ನೀರು ಎಳೆಯುವುದಿಲ್ಲ. ಫ್ರಕ್ಟೋಸ್ 60 ದಾಟಿದರೆ ಸಾಕು, ಎಳೆಯುತ್ತದೆ. ಸಕಲೇಶಪುರದ ಜುಲೈ ತಿಂಗಳಿನಲ್ಲಿ ಬೆಲ್ಲವನ್ನು ಗಾಳಿಯಾಡದ ಡಬ್ಬದಲ್ಲಿ ಇಡುವುದೊಂದೇ ದಾರಿ.

ಇದೇ ಕಳಚುವಿಕೆಯನ್ನು ಜೋನಿ ಬೆಲ್ಲದವರು ಬೇಕೆಂದೇ ಬಳಸಿಕೊಳ್ಳುತ್ತಾರೆ. ಶೃಂಗೇರಿ, ಕೊಪ್ಪದ ಕಡೆ ದೋಸೆಗೆ ಹಚ್ಚುವ ನೀರುಬೆಲ್ಲ ಹರಳುಗಟ್ಟದೆ ಉಳಿಯಬೇಕಾದರೆ ಒಂದಷ್ಟು ಇನ್ವರ್ಟ್ ಸಕ್ಕರೆ ಇರಲೇಬೇಕು. ಹದ 105ರ ಆಸುಪಾಸಿನಲ್ಲಿ ಇಳಿಸುತ್ತಾರೆ, ಕೆಲವರು ಸ್ವಲ್ಪ ಸಿಟ್ರಿಕ್ ಆಮ್ಲ ಸೇರಿಸುತ್ತಾರೆ. ಡಬ್ಬದ ತಳದಲ್ಲಿ ಹರಳು ನಿಂತಿದ್ದರೆ ಕಲಬೆರಕೆ ಎಂದು ಹೆದರಬೇಕಾಗಿಲ್ಲ, ಸುಕ್ರೋಸ್ ಹೆಚ್ಚಿದೆ ಅಷ್ಟೆ. ಜೇನಿನಲ್ಲಿ ಈ ಕೆಲಸ ಹುಳುವಿನದೇ: ಮಕರಂದದ ಸುಕ್ರೋಸನ್ನು ತನ್ನ ಕಿಣ್ವದಿಂದ ಕಳಚಿ ಇಡುತ್ತದೆ. ಜೇನು ಗಟ್ಟಿಯಾದಾಗ ಕಾಣುವ ಹರಳು ಗ್ಲೂಕೋಸ್‌ನದು.

ಬೆಲ್ಲದ ವಿಷಯ ಮುಗಿಸುವ ಮೊದಲು ಒಂದು ಮಾತು ಖಂಡಿತವಾಗಿ ಹೇಳಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲ ಪರವಾಗಿಲ್ಲ ಎನ್ನುವುದು ತಪ್ಪು. ಬೆಲ್ಲದ ಬಹುಪಾಲು ಸುಕ್ರೋಸೇ, ಮಿಕ್ಕ ಸಿಹಿ ಆಗಲೇ ಕಳಚಿದ ಗ್ಲೂಕೋಸ್, ಫ್ರಕ್ಟೋಸ್. ಕಬ್ಬಿಣ, ಖನಿಜ ಅಲ್ಪಸ್ವಲ್ಪ ಇವೆ ನಿಜ, ಆದರೆ ರಕ್ತಕ್ಕೆ ಹೋಗುವ ಗ್ಲೂಕೋಸ್ ಲೆಕ್ಕದಲ್ಲಿ ಅವು ಏನೂ ಬದಲಿಸುವುದಿಲ್ಲ.

ಕೆಂಪಾಗುವುದು

ಹಾಸನದ ಮಾರುಕಟ್ಟೆಯಲ್ಲಿ ಆಲೂಗಡ್ಡೆಯದೇ ಒಂದು ಲೋಕ. ಮುಂಗಾರಿಗೆ ಬಿತ್ತಲು ಜಲಂಧರ್ ಕಡೆಯಿಂದ ಬಿತ್ತನೆ ಗಡ್ಡೆ ಬರುತ್ತದೆ, ಕುಫ್ರಿ ಜ್ಯೋತಿ ಇಲ್ಲಿ ಎಲ್ಲರ ಬಾಯಲ್ಲಿರುವ ತಳಿ. 2ರಿಂದ 4 ಡಿಗ್ರಿಯಲ್ಲಿ ಇಟ್ಟ ಗಡ್ಡೆಯಲ್ಲಿ ಪಿಷ್ಟ ಒಡೆದು ಸುಕ್ರೋಸ್ ಆಗುತ್ತದೆ, ಆ ಸುಕ್ರೋಸನ್ನು ಗಡ್ಡೆಯ ಇನ್ವರ್ಟೇಸ್ ಕಳಚಿ ಗ್ಲೂಕೋಸ್, ಫ್ರಕ್ಟೋಸ್ ಮಾಡುತ್ತದೆ. ಪಲ್ಯಕ್ಕೆ ಹಾಕಿದರೆ ಸ್ವಲ್ಪ ಸಿಹಿ ಎನಿಸುತ್ತದೆ ಅಷ್ಟೆ. ಎಣ್ಣೆಗೆ ಬಿಟ್ಟರೆ ಅದೇ ಗಡ್ಡೆ ಬೇಯುವ ಮೊದಲೇ ಕಂದಾಗಿ ಕಹಿಯಾಗುತ್ತದೆ. ತೆರೆದ ತುದಿಯ ಸಕ್ಕರೆ ಅಮೈನೋ ಆಮ್ಲದ ಜೊತೆ ಸೇರಿದ್ದರ ಫಲ. ಅಕ್ರಿಲಮೈಡ್ ಎಂಬ ಬೇಡದ ವಸ್ತುವೂ ಅಲ್ಲೇ ಹುಟ್ಟುತ್ತದೆ. ಚಿಪ್ಸ್ ಕರಿಯುವವರು ಮೂಟೆ ಕೊಳ್ಳುವ ಮೊದಲು ನಾಲ್ಕೈದು ಗಡ್ಡೆ ಹೆಚ್ಚಿ ಕರಿದು ನೋಡಬೇಕು. ಕಪ್ಪಾದರೆ ಮೂಟೆಯನ್ನು 15ರಿಂದ 20 ಡಿಗ್ರಿಯಲ್ಲಿ, ಗಾಳಿಯಾಡುವ ಕತ್ತಲ ಜಾಗದಲ್ಲಿ ಎರಡು ಮೂರು ವಾರ ಇಟ್ಟರೆ ಸಕ್ಕರೆಯ ಒಂದು ಪಾಲು ಉಸಿರಾಟಕ್ಕೆ ಖರ್ಚಾಗಿ, ಇನ್ನೊಂದು ಪಾಲು ಮತ್ತೆ ಪಿಷ್ಟವಾಗಿ ಗಡ್ಡೆ ಸುಧಾರಿಸುತ್ತದೆ. ಅಷ್ಟು ಪುರುಸೊತ್ತಿಲ್ಲದಿದ್ದರೆ ಬಿಲ್ಲೆಗಳನ್ನು 75 ಡಿಗ್ರಿ ನೀರಿನಲ್ಲಿ 3 ನಿಮಿಷ ಅದ್ದಿ ತೆಗೆದು ಒರೆಸಿ ಕರಿಯಿರಿ. ಮೇಲ್ಮೈಯ ಸಕ್ಕರೆ ನೀರಿಗೆ ಹೋಗುತ್ತದೆ. ತಣ್ಣೀರಿನಲ್ಲಿ ನೆನೆಸಿದರೆ ಹೋಗುವುದು ಮುಖ್ಯವಾಗಿ ಪಿಷ್ಟ. ಮನೆಯ ಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಬಾರದು ಎನ್ನುವುದೂ ಇದಕ್ಕೇ.

ಮಂದ ಉರಿಯಲ್ಲಿ ಗಂಟೆಗಟ್ಟಲೆ ಕಾಯ್ದ ಹಾಲು ಕೆಂಪಾಗುವುದೂ ಲ್ಯಾಕ್ಟೋಸ್‌ನ ತೆರೆದ ತುದಿಯಿಂದ. ಸಕ್ಕರೆ ಹಾಕದೆಯೇ ಕೆಂಪಾಗುತ್ತದೆ, ಗಮನಿಸಿ. ಕಾಫಿ ಬೀಜದ ದಾರಿ ಸ್ವಲ್ಪ ಸುತ್ತು: ಅರೇಬಿಕಾದ ಹಸಿ ಬೀಜದಲ್ಲಿ ಶೇಕಡ 6ರಿಂದ 9ರಷ್ಟು ಸುಕ್ರೋಸ್ ಇರುತ್ತದೆ, ರೋಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಹುರಿಯುವ ಬಿಸಿಗೆ ಮೊದಲು ಅದು ಕಳಚಿ, ಆಮೇಲೆ ಬಣ್ಣ, ಘಮ, ಹುಳಿಯಾಗಿ ಮಾರ್ಪಟ್ಟು, ಕೊನೆಗೆ ಸಕ್ಕರೆಯಾಗಿ ಉಳಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಹಸಿರು ಹಣ್ಣು ಸೇರಿಸಿ ಕುಯ್ದರೆ ಆ ಬೀಜಗಳಲ್ಲಿ ಸುಕ್ರೋಸ್ ತುಂಬಿರುವುದಿಲ್ಲ. ಹುರಿದ ರಾಶಿಯಲ್ಲಿ ಬಿಳಿಚಿಕೊಂಡು ಉಳಿದು, ಲೋಟಕ್ಕೆ ಕಡಲೆಕಾಯಿ ಸಿಪ್ಪೆಯ ರುಚಿ ತರುತ್ತವೆ. ಹುರಿದ ಮೇಲೆ ಅವನ್ನು ಆರಿಸಿ ತೆಗೆಯುವುದೊಂದೇ ಉಳಿದ ಉಪಾಯ.

ಹೊಟ್ಟೆಯೊಳಗೆ

ಜೋಡಿ ಸಕ್ಕರೆಯನ್ನು ನಮ್ಮ ಕರುಳು ಜೋಡಿಯಾಗಿ ಒಳಗೆ ಬಿಡುವುದಿಲ್ಲ. ಕಳಚಿ ಒಂಟಿಯಾಗಿ ಬಂದರೆ ಮಾತ್ರ ಪ್ರವೇಶ. ಜಠರದಲ್ಲಿ ಆಮ್ಲವಿದ್ದರೂ ಅಲ್ಲಿನ ಬಿಸಿ 37 ಡಿಗ್ರಿ; ನಿಂಬೆ ಹಿಂಡಿದ ಪಾಕದ ಕೆಲಸ ಅಲ್ಲಿ ನಡೆಯುವುದಿಲ್ಲ. ಕಳಚುವ ಕಿಣ್ವಗಳು ಸಣ್ಣಕರುಳಿನ ಒಳಗೋಡೆಯ ಬೆರಳಿನಂಥ ವಿಲ್ಲಿಗಳ ಮೇಲೆಯೇ ನೆಟ್ಟುಕೊಂಡಿವೆ. ಸುಕ್ರೋಸ್‌ಗೆ ಸುಕ್ರೇಸ್, ಲ್ಯಾಕ್ಟೋಸ್‌ಗೆ ಲ್ಯಾಕ್ಟೇಸ್, ಟ್ರೆಹಲೋಸ್‌ಗೆ ಟ್ರೆಹಲೇಸ್. ಮಾಲ್ಟೋಸನ್ನು ಇಬ್ಬರು ಹಂಚಿಕೊಳ್ಳುತ್ತಾರೆ, ಅದರಲ್ಲಿ ಸುಕ್ರೇಸ್ ಇರುವ ಕಿಣ್ವದ ಪಾಲೇ ಹೆಚ್ಚು.

ಊಟದಲ್ಲಿ ಮಾಲ್ಟೋಸ್ ಎಲ್ಲಿದೆ ಎಂದು ಕೇಳಬಹುದು. ಮುದ್ದೆಯಲ್ಲಿದೆ, ಅನ್ನದಲ್ಲಿದೆ, ಹುಟ್ಟುವುದು ಮಾತ್ರ ನಮ್ಮೊಳಗೆ. ಅನ್ನವನ್ನು ಎರಡು ನಿಮಿಷ ಅಗಿದರೆ ಸಿಹಿ ಬರುವುದು ಎಂಜಲಿನ ಅಮೈಲೇಸ್ ಪಿಷ್ಟವನ್ನು ಮಾಲ್ಟೋಸ್ ಆಗಿ ಕತ್ತರಿಸುವುದರಿಂದ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ, ಆದ್ದರಿಂದ ಎಂಜಲಿಗೆ ಅಷ್ಟು ಸಮಯ ಸಿಗುವುದಿಲ್ಲ. ಅದರಿಂದ ತೊಂದರೆಯಿಲ್ಲ, ಮೇದೋಜೀರಕ ಗ್ರಂಥಿಯ ಅಮೈಲೇಸ್ ಆ ಕೆಲಸವನ್ನು ಧಾರಾಳವಾಗಿ ಮಾಡುತ್ತದೆ. 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ 65ರಿಂದ 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಅದರ ಬಹುಪಾಲು ಮಾಲ್ಟೋಸ್ ದಾಟಿ ಗ್ಲೂಕೋಸ್ ಆಗಿಯೇ ರಕ್ತಕ್ಕೆ ಸೇರುತ್ತದೆ. ಮುದ್ದೆ ಒಳ್ಳೆಯ ಊಟ, ನಾರು, ಕ್ಯಾಲ್ಸಿಯಂ ಎಲ್ಲ ಇದೆ. ಆದರೆ ಶುಗರ್ ಇರುವವರು ಅದನ್ನು ಲೆಕ್ಕಕ್ಕೆ ಸೇರಿಸದೆ ಎರಡು ಮೂರು ಮುದ್ದೆ ಉಣ್ಣುವುದು ಸರಿಯಲ್ಲ.

ಮೊಳಕೆ ರಾಗಿ ಈ ಅಮೈಲೇಸನ್ನು ಹೊರಗೇ ತಯಾರಿಸಿಕೊಡುತ್ತದೆ. ಮಗುವಿಗೆ ಗಂಜಿ ಮಾಡುವವರಿಗೆ ಇದು ಬಹಳ ಉಪಯೋಗದ ವಿಷಯ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ ರಾಗಿ ಮಾಲ್ಟ್ ಮೇಲೆ ಸಾಕಷ್ಟು ಕೆಲಸ ಮಾಡಿದೆ. ರಾಗಿ ತೊಳೆದು 12ರಿಂದ 16 ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಬಿಡಿ; ಚಳಿಗಾಲದಲ್ಲಿ ಮೂರು ದಿನ ಬೇಕಾಗಬಹುದು. ಬೂಷ್ಟು ವಾಸನೆ ಬಂದರೆ ಪೂರ್ತಿ ಚೆಲ್ಲಿ, ತೊಳೆದು ಉಳಿಸಿಕೊಳ್ಳುವ ಯೋಚನೆ ಬೇಡ. ಬಿಸಿಲಿಗೆ ಒಣಗಿಸಿ, ಉಜ್ಜಿ ಬೇರು ತೂರಿ, ಬೀಸಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಘಮ ಬರುವ ತನಕ ಹುರಿಯುವುದು. ಘಮ ಬರುತ್ತದೆ, ಕಿಣ್ವ ಸಾಯುತ್ತದೆ. ಬೆಚ್ಚಗೆ, 70 ಡಿಗ್ರಿ ದಾಟದಂತೆ ಒಣಗಿಸಿದರೆ ಸಾಕು. ಬಳಸುವ ಕ್ರಮವೂ ಮುಖ್ಯ: ಮೊದಲು ಮಾಮೂಲಿ ಹಿಟ್ಟಿನಿಂದ ಗಟ್ಟಿ ಗಂಜಿ ಬೇಯಿಸಿ ಇಳಿಸಿ, 60ರಿಂದ 65 ಡಿಗ್ರಿಗೆ ಆರಿಸಿ, ಒಂದು ಬಟ್ಟಲಿಗೆ ಒಂದು ಚಿಕ್ಕ ಚಮಚದಂತೆ ಮಾಲ್ಟ್ ಹಿಟ್ಟು ಕಲಸಿ. ಹತ್ತು ನಿಮಿಷದೊಳಗೆ ಗಂಜಿ ತೆಳುವಾಗುತ್ತದೆ, ಸ್ವಲ್ಪ ಸಿಹಿಯೂ ಆಗುತ್ತದೆ. ಆಮೇಲೆ ಮತ್ತೊಮ್ಮೆ ಎರಡು ಮೂರು ನಿಮಿಷ ಕುದಿಸಲೇಬೇಕು, ಮೊಳಕೆಯಲ್ಲಿ ಬೆಳೆದಿರಬಹುದಾದ ಸೂಕ್ಷ್ಮಜೀವಿಗಳಿಗಾಗಿ. ಕುದಿಯುವ ಗಂಜಿಗೇ ನೇರ ಹಾಕಿದರೆ ಕಿಣ್ವ ಸತ್ತು ಗಂಜಿ ತೆಳುವಾಗುವುದಿಲ್ಲ. ಲಾಭವೇನೆಂದರೆ ನೀರು ಬೆರೆಸದೆ ತೆಳುವಾದ ಗಂಜಿಯಲ್ಲಿ ಮಗುವಿನ ಪುಟ್ಟ ಹೊಟ್ಟೆಗೆ ಹೆಚ್ಚು ಹಿಟ್ಟು ಸೇರುತ್ತದೆ.

ಕಳಚಿದ ಮೇಲೆ ಗ್ಲೂಕೋಸ್, ಗ್ಯಾಲಕ್ಟೋಸ್‌ಗಳನ್ನು ಎಸ್‌ಜಿಎಲ್‌ಟಿ-1 ಎಂಬ ಬಾಗಿಲು ಸೋಡಿಯಂ ಜೊತೆಗೇ ಒಳಗೆ ಎಳೆದುಕೊಳ್ಳುತ್ತದೆ. ಹಿಂದೆಯೇ ನೀರು ಬರುತ್ತದೆ. ಫ್ರಕ್ಟೋಸ್‌ಗೆ ಬೇರೆ ಬಾಗಿಲು, ಅಲ್ಲಿ ಸೋಡಿಯಂ ಇಲ್ಲ. ಸೋಡಿಯಂ, ಗ್ಲೂಕೋಸ್‌ಗಳ ಈ ಜೋಡಿ ಸಾಗಾಟವನ್ನು ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ಮುಂದಿಟ್ಟರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಾಲನಬಿಸ್ ಅವರು ಕಾಲರಾ ರೋಗಿಗಳನ್ನು ಉಪ್ಪು, ಗ್ಲೂಕೋಸ್ ನೀರು ಕುಡಿಸಿ ಉಳಿಸಿದ್ದು ಇದೇ ಬಾಗಿಲಿನ ಮೂಲಕ. ಓಆರ್‌ಎಸ್ ಪೊಟ್ಟಣ ಸಿಗದಾಗ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾದ 6 ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು. ರುಚಿಗೆಂದು ಸಕ್ಕರೆ ಹೆಚ್ಚು ಹಾಕಬಾರದು. ಹೆಚ್ಚಾದ ಸಕ್ಕರೆ ಕರುಳಿಗೆ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಉಪ್ಪು ಹಾಕಿದ ಅನ್ನದ ಗಂಜಿಯೂ ಇದೇ ತತ್ವದ್ದು.

ಹಾಲಿನ ಸಕ್ಕರೆ

ಕೊಂಡಿ ತಿರುಗಿರುವ ದಿಕ್ಕನ್ನು ನೋಡಿ ಆಲ್ಫಾ, ಬೀಟಾ ಎಂದು ಎರಡು ಬಗೆ. ಲ್ಯಾಕ್ಟೋಸ್‌ನದು ಬೀಟಾ ಕೊಂಡಿ. ಆಲ್ಫಾ ಕೊಂಡಿ ಕಳಚುವ ಸುಕ್ರೇಸ್, ಮಾಲ್ಟೇಸ್‌ಗಳಿಂದ ಅದು ಆಗದು. ಲ್ಯಾಕ್ಟೇಸ್ ಒಂದೇ ಗತಿ. ಆ ಲ್ಯಾಕ್ಟೇಸ್ ಬಹುಪಾಲು ಜನರಲ್ಲಿ ಬಾಲ್ಯ ಕಳೆಯುತ್ತಾ ಇಳಿಯುತ್ತದೆ. ಇದು ರೋಗವಲ್ಲ, ಸಸ್ತನಿಗಳ ಸಹಜ ಕ್ರಮ. ಉತ್ತರ ಭಾರತಕ್ಕಿಂತ ದಕ್ಷಿಣದಲ್ಲಿ ಇಳಿಯುವವರೇ ಹೆಚ್ಚು. ಕಳಚದ ಲ್ಯಾಕ್ಟೋಸ್ ದೊಡ್ಡಕರುಳಿಗೆ ಹೋಗಿ ನೀರೆಳೆಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿ ಬರಿಸಿ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಉಸಿರಿನಲ್ಲಿ ಹೈಡ್ರೋಜನ್ ಅಳೆಯುವ ಪರೀಕ್ಷೆಗೆ ಇದೇ ಆಧಾರ. 20 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 20 ಪಾಲು) ಹೆಚ್ಚು ಏರಿದರೆ ಜೀರ್ಣವಾಗಿಲ್ಲ ಎಂದರ್ಥ.

ಹಾಲೇ ಬಿಡಬೇಕೆಂದಿಲ್ಲ. ಹೆಚ್ಚಿನವರು ಒಂದು ಸಲಕ್ಕೆ 12 ಗ್ರಾಂ ಲ್ಯಾಕ್ಟೋಸ್ ತಡೆದುಕೊಳ್ಳುತ್ತಾರೆ, ಅದೂ ಊಟದ ಜೊತೆ ಇನ್ನೂ ಸುಲಭ. 200 ಮಿಲೀ ಹಸುವಿನ ಹಾಲಿನಲ್ಲಿ 9ರಿಂದ 10 ಗ್ರಾಂ. 50 ಮಿಲೀ ಹಾಲಿನ ಫಿಲ್ಟರ್ ಕಾಫಿಯಲ್ಲಿ ಎರಡೂವರೆ ಗ್ರಾಂ ಕೂಡ ಇಲ್ಲ. ತುಪ್ಪದಲ್ಲಿ ಇಲ್ಲವೇ ಇಲ್ಲ ಎನ್ನಬಹುದು, ಪನೀರಿನಲ್ಲಿ ಕಡಿಮೆ. ಖೋವಾದಲ್ಲಿ ಮಾತ್ರ ಐದನೇ ಒಂದು ಪಾಲಿನಷ್ಟು ಲ್ಯಾಕ್ಟೋಸೇ. ಕಾಫಿ ಒಗ್ಗುವವರಿಗೆ ನಾಲ್ಕು ಪೇಡ ಒಗ್ಗದಿರುವುದು ಸಹಜ. ಮೊಸರಿನಲ್ಲಿ ಲ್ಯಾಕ್ಟೋಸ್ ಸುಮಾರು ಕಾಲು ಭಾಗ ಕಡಿಮೆಯಾಗಿರುತ್ತದೆ, ಜೊತೆಗೆ ಬ್ಯಾಕ್ಟೀರಿಯಾದ ಕಿಣ್ವ ಹೊಟ್ಟೆಯಲ್ಲೂ ಕೆಲಸ ಮಾಡುತ್ತದೆ. ಮಜ್ಜಿಗೆಹುಳಿ ಕುದಿಸಿದರೆ ಆ ಎರಡನೆಯ ಲಾಭ ಹೋಗುತ್ತದೆ. ಸಂಶಯವಿದ್ದವರು ಎರಡು ವಾರ ಹಾಲು ಬಿಟ್ಟು, ಆಮೇಲೆ ಬೆಳಿಗ್ಗೆ ಬರಿ ಹೊಟ್ಟೆಗೆ ಒಂದು ಲೋಟ ಹಾಲು ಕುಡಿದು ನಾಲ್ಕು ಗಂಟೆ ಗಮನಿಸಲಿ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತವಿದ್ದರೆ ಈ ಪ್ರಯೋಗ ಬೇಡ, ವೈದ್ಯರನ್ನು ಕಾಣಿ.

ಲ್ಯಾಕ್ಟೇಸ್ ವಿಲ್ಲಿಗಳ ತುದಿಯ ಹತ್ತಿರ ಇರುವುದರಿಂದ ವಾಂತಿಭೇದಿಯಲ್ಲಿ ಮೊದಲು ಹೋಗುವುದು ಅದೇ. ಮಗುವಿಗೆ ಭೇದಿ ನಿಂತ ಮೇಲೂ ಒಂದೆರಡು ವಾರ ಹಾಲು ಒಗ್ಗದಿರಬಹುದು, ಕರುಳು ಚಿಗುರಿದಂತೆ ಸರಿಹೋಗುತ್ತದೆ. ಎದೆಹಾಲು ನಿಲ್ಲಿಸಬೇಡಿ.

ಲ್ಯಾಕ್ಟೋಸ್ ಮುಕ್ತ ಹಾಲಿನ ಪೊಟ್ಟಣದ ಬಗ್ಗೆ ಎರಡು ತಪ್ಪು ತಿಳಿವಳಿಕೆ ಇವೆ. ಅದರಲ್ಲಿ ಸಕ್ಕರೆ ಕಡಿಮೆಯಿಲ್ಲ. ಸಾಮಾನ್ಯವಾಗಿ ಲ್ಯಾಕ್ಟೇಸ್ ಹಾಕಿ ಕಳಚಿಟ್ಟಿರುತ್ತಾರೆ, ಅದಕ್ಕೇ ಹೆಚ್ಚು ಸಿಹಿ. ಎರಡನೆಯದು ಅಪಾಯದ್ದು: ಗ್ಯಾಲಕ್ಟೋಸೀಮಿಯ ಎಂಬ ಹುಟ್ಟು ಕಾಯಿಲೆಯ ಮಗುವಿಗೆ ಈ ಹಾಲು ಕೊಡಬಾರದು, ಕಳಚಿದ ಗ್ಯಾಲಕ್ಟೋಸ್ ಅದರಲ್ಲಿ ಪೂರ್ತಿ ಇದೆ.

ಸುಕ್ರೇಸ್ ಹುಟ್ಟಿನಿಂದಲೇ ಇಲ್ಲದ ಮಕ್ಕಳು ಅಪರೂಪಕ್ಕೆ ಇರುತ್ತಾರೆ. ಎದೆಹಾಲು ಕುಡಿಯುವ ತನಕ ಚೆನ್ನಾಗಿದ್ದು, ಸಕ್ಕರೆ ಹಾಕಿದ ಸರಿ, ಹಣ್ಣಿನ ರಸ ಶುರುವಾದ ಕೂಡಲೇ ಹುಳಿವಾಸನೆಯ ನೀರು ಭೇದಿ ಬಂದರೆ, ಹಾಲನ್ನು ದೂರುವ ಮೊದಲು ಈ ಸಾಧ್ಯತೆಯನ್ನೂ ಮಕ್ಕಳ ವೈದ್ಯರ ಗಮನಕ್ಕೆ ತನ್ನಿ.

ದೊಡ್ಡವರಲ್ಲಿ ಇದೇ ಸ್ಥಿತಿಯನ್ನು ಔಷಧಿಯೊಂದು ಬೇಕೆಂದೇ ತರುತ್ತದೆ. ಶುಗರ್‌ಗೆ ಕೊಡುವ ಅಕಾರ್ಬೋಸ್, ವೋಗ್ಲಿಬೋಸ್ ಮಾತ್ರೆಗಳು ಸುಕ್ರೇಸ್, ಮಾಲ್ಟೇಸ್‌ಗಳನ್ನು ತಡೆಯುತ್ತವೆ; ಊಟದ ಮೊದಲ ತುತ್ತಿನ ಹೊತ್ತಿಗೆ ನುಂಗಬೇಕು, ಗ್ಯಾಸ್ ಬರುವುದು ಕಳಚದ ಸಕ್ಕರೆ ಕೆಳಗೆ ಹೋಗುವುದರಿಂದ. ಇವುಗಳ ಜೊತೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯೂ ಇದ್ದು ಶುಗರ್ ಕುಸಿದರೆ, ಬಾಯಿಗೆ ಹಾಕಿದ ಸಕ್ಕರೆ, ಬೆಲ್ಲ, ಚಾಕೊಲೇಟು ಬೇಗ ಕೆಲಸ ಮಾಡುವುದಿಲ್ಲ. ಕೊಂಡಿ ಕಳಚುವವರನ್ನೇ ಕಟ್ಟಿಹಾಕಿದೆ. ಬೇಕಾದುದು ಕೊಂಡಿಯೇ ಇಲ್ಲದ ಗ್ಲೂಕೋಸ್: 15 ಗ್ರಾಂ, ಸುಮಾರು 3 ಚಿಕ್ಕ ಚಮಚ ಗ್ಲೂಕೋಸ್ ಪುಡಿ ಅರ್ಧ ಲೋಟ ನೀರಿನಲ್ಲಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಡಬ್ಬದ ಮೇಲೆ ಗ್ಲೂಕೋಸ್ ಅಥವಾ ಡೆಕ್ಸ್‌ಟ್ರೋಸ್ ಎಂದಿರಬೇಕು. ಪದಾರ್ಥಗಳ ಪಟ್ಟಿಯಲ್ಲಿ ಸುಕ್ರೋಸ್ ಮೊದಲು ಬರೆದಿದ್ದರೆ ಆ ಡಬ್ಬ ಇದಕ್ಕೆ ಬಾರದು.